ದೇಹ ಹೇಳುತ್ತದೆ, ಕೇಳುವವರು ಯಾರು?

ಕೆಲಸದ ಜಾಗದಲ್ಲಿ ಯಜಮಾನರು ನಾಲ್ಕು ಜನರ ಮುಂದೆ ಗದರಿದಾಗ ನೀವು ಮರುಮಾತಾಡದೆ ಸುಮ್ಮನಿರಬಹುದು. ಮುಖದ ಮೇಲೆ ನಗುವನ್ನೂ ಉಳಿಸಿಕೊಳ್ಳಬಹುದು. ಆದರೆ ಅಂಗೈ ಬೆವರುವುದನ್ನು ತಡೆಯಬಲ್ಲಿರಾ? ಎದೆ ಡವಡವ ಎನ್ನುವುದನ್ನು ನಿಲ್ಲಿಸಬಲ್ಲಿರಾ? ನಾಲಿಗೆ ಮುಚ್ಚಿಟ್ಟದ್ದನ್ನು ದೇಹ ಬಿಚ್ಚಿಡುತ್ತದೆ. ಹೊಟ್ಟೆ ಉರಿಯಿತು, ಕರುಳು ಚುರ್ ಎಂದಿತು, ಎದೆ ಝಲ್ ಎಂದಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ವಿಜ್ಞಾನಿಗಳೂ ಇದೇ ಜಾಡು ಹಿಡಿದರು. ಮನಸ್ಸು ಕಲಕಿದಾಗ ಚರ್ಮದಲ್ಲಿ ವಿದ್ಯುತ್ ಹರಿಯುವ ರೀತಿ ಬದಲಾಗುತ್ತದೆಂದು ಫ್ರಾನ್ಸಿನ ವೈದ್ಯ ಫೆರೆ 1888ರಲ್ಲಿ ತೋರಿಸಿದರು. ಭಯ ಮತ್ತು ಕೋಪ ಬಂದಾಗ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ, ಹೋರಾಡಲು ಅಥವಾ ಓಡಲು ದೇಹವನ್ನು ಅಣಿಗೊಳಿಸುತ್ತದೆಂದು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದರು. ಇಂದು ನಾಡಿ, ರಕ್ತದೊತ್ತಡ, ಬೆವರು, ಎಂಜಲು, ಮೂತ್ರ ಇವೆಲ್ಲವನ್ನೂ ಪರೀಕ್ಷಿಸಿ ದುಡಿಯುವವರ ಒತ್ತಡವನ್ನು ಅಳೆಯುತ್ತಾರೆ.

ಈ ಕೆಲಸದಲ್ಲಿ ದೊಡ್ಡ ಹೆಸರು ಸ್ವೀಡನ್‌ನ ಮಹಿಳಾ ಮನೋವಿಜ್ಞಾನಿ ಮರಿಯಾನ್ ಫ್ರಾಂಕನ್‌ಹಾಯ್ಸರ್. ಅವರು ಗಾರ್ಡೆಲ್ ಎಂಬವರ ಜೊತೆ ಸೇರಿ ಮರದ ಮಿಲ್ಲಿನ ಕೆಲಸಗಾರರ ಕುರಿತ ಅಧ್ಯಯನವನ್ನು 1976ರಲ್ಲಿ ಪ್ರಕಟಿಸಿದರು. ಯಂತ್ರದ ವೇಗಕ್ಕೆ ತಕ್ಕಂತೆ ಒಂದೇ ಬಗೆಯ ಕೆಲಸವನ್ನು ಮತ್ತೆ ಮತ್ತೆ ಮಾಡುವವರ ದೇಹದಲ್ಲಿ ಅಡ್ರಿನಲಿನ್ ಹೆಚ್ಚಾಗಿತ್ತು. ಪಾಳಿ ಮುಗಿಯುತ್ತಾ ಬಂದಂತೆ ಅದು ಇನ್ನಷ್ಟು ಏರುತ್ತಿತ್ತು. ತಮ್ಮ ಕೆಲಸದ ವೇಗ ತಮ್ಮ ಕೈಯಲ್ಲಿದ್ದವರಿಗೆ ಹಾಗಾಗಲಿಲ್ಲ.

ಇದನ್ನು ಓದುವಾಗ ನಮ್ಮ ಮಲೆನಾಡು ನೆನಪಾಗದಿರದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಊರುಗಳಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತರೆ ಏಳುವುದು ರಾತ್ರಿಗೇ. ಸುಲಿದಷ್ಟಕ್ಕೆ ಕೂಲಿ. ಪೇಟೆಯ ಬಟ್ಟೆ ಅಂಗಡಿಯಲ್ಲಿ ನಿಂತು ಸೀರೆ ಬಿಡಿಸಿ ತೋರಿಸುವ ಹುಡುಗಿಗೆ, ಆಸ್ಪತ್ರೆಯ ದಾದಿಗೆ, ಅಂಗನವಾಡಿಯ ಟೀಚರಿಗೆ ಬೇಸರ ತೋರಿಸುವ ಸ್ವಾತಂತ್ರ್ಯವೂ ಇಲ್ಲ. ಸಂಜೆ ಮನೆಗೆ ಬಂದರೆ ಅಲ್ಲಿ ಒಲೆ ಕಾದಿರುತ್ತದೆ.

ಆ ಸಂಜೆಯ ಲೆಕ್ಕವನ್ನೂ ಫ್ರಾಂಕನ್‌ಹಾಯ್ಸರ್ ತೆಗೆದರು. ವೋಲ್ವೋ ಕಂಪೆನಿಯ ಗಂಡಸರು ಮತ್ತು ಹೆಂಗಸರನ್ನು ಕಚೇರಿಯಲ್ಲೂ ಮನೆಯಲ್ಲೂ ಪರೀಕ್ಷಿಸಿದ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಕಚೇರಿ ಬಿಟ್ಟ ಮೇಲೆ ಪುರುಷ ಮ್ಯಾನೇಜರುಗಳ ದೇಹ ಬೇಗನೆ ಶಾಂತವಾಯಿತು. ಮಹಿಳಾ ಮ್ಯಾನೇಜರುಗಳ ನಾರ್‌ಅಡ್ರಿನಲಿನ್ ಮಟ್ಟ ಮಾತ್ರ ಮನೆ ಸೇರಿದ ನಂತರವೂ ಇಳಿಯಲಿಲ್ಲ. ಮನೆ ಮತ್ತು ಮಕ್ಕಳ ಹೊಣೆ ಅವರ ಹೆಗಲ ಮೇಲೆಯೇ ಹೆಚ್ಚಾಗಿತ್ತು. ಸಂಜೆ ಸಿಡುಕುವ ಹೆಣ್ಣನ್ನು ‘ಇವಳ ಸ್ವಭಾವವೇ ಹೀಗೆ’ ಎನ್ನುವ ಮೊದಲು ಮನೆಯವರು ಇದನ್ನೊಮ್ಮೆ ಯೋಚಿಸಬೇಕು.

ಆದರೆ ಒಂದು ಮಾತು. ದೇಹದ ಸೂಚನೆಗಳು ಮನಸ್ಸು ಎಷ್ಟು ಕಲಕಿದೆ ಎಂದು ಹೇಳುತ್ತವೆಯೇ ಹೊರತು ಏಕೆ ಎಂದು ಹೇಳುವುದಿಲ್ಲ. ಭಯಕ್ಕೂ ಎದೆ ಬಡಿಯುತ್ತದೆ, ಸಂತೋಷಕ್ಕೂ ಬಡಿಯುತ್ತದೆ. ಘಾಟಿ ಹತ್ತಿದರೂ, ಎರಡು ಲೋಟ ಕಾಫಿ ಕುಡಿದರೂ ಬಡಿಯುತ್ತದೆ. ಯಂತ್ರಕ್ಕೆ ಈ ವ್ಯತ್ಯಾಸ ತಿಳಿಯದು. ಹೀಗಿರುವಾಗ ನೌಕರರ ಮುಖ, ದನಿ, ನಾಡಿ ನೋಡಿ ಅವರ ಮನಸ್ಸನ್ನು ಊಹಿಸುವ ಕಂಪ್ಯೂಟರುಗಳನ್ನು ಮಾಲೀಕರ ಕೈಗೆ ಕೊಟ್ಟರೆ ಏನಾದೀತು? ಯುರೋಪ್ ಒಕ್ಕೂಟ ಇದನ್ನು ಮನಗಂಡು, ಕೆಲಸದ ಸ್ಥಳದಲ್ಲೂ ಶಾಲೆಗಳಲ್ಲೂ ಇಂತಹ ಕೃತಕ ಬುದ್ಧಿಮತ್ತೆಯ ಬಳಕೆಯನ್ನು 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ಚಿಕಿತ್ಸೆ ಮತ್ತು ಸುರಕ್ಷತೆಗೆ ಮಾತ್ರ ವಿನಾಯಿತಿ.

ಹಾಗಾದರೆ ಕಾರಣ ತಿಳಿಯುವ ದಾರಿ ಯಾವುದು? ಬಾಯಿಬಿಟ್ಟು ಕೇಳುವುದು. ನಮ್ಮ ರಾಜ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ 2016ರಲ್ಲಿ ಒಂದು ಪ್ರಯೋಗ ನಡೆಯಿತು. ಸಂಬಳ ನಿರೀಕ್ಷಿಸಿದಷ್ಟು ಏರದೆ ಕೆಲಸಗಾರರು ಬೇಸರಗೊಂಡಿದ್ದ ಸಮಯವದು. ಅವರಲ್ಲಿ ಕೆಲವರನ್ನು ಆರಿಸಿ, ಹೆಸರು ಕೇಳದೆ, ಅವರ ಅಭಿಪ್ರಾಯ ಪಡೆಯಲಾಯಿತು. ಹಾಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಡುವ ಸಾಧ್ಯತೆ ಉಳಿದವರಿಗಿಂತ ಸುಮಾರು ಶೇ. 20ರಷ್ಟು ಕಡಿಮೆಯಾಯಿತು. ಸಂಬಳದ ಅನ್ಯಾಯಕ್ಕೆ ಇದು ಪರಿಹಾರವಲ್ಲ, ನಿಜ. ಆದರೆ ‘ನಿನಗೇನನಿಸುತ್ತದೆ?’ ಎಂಬ ಪ್ರಶ್ನೆಗೂ ಬೆಲೆಯಿದೆಯೆಂದು ಇದರಿಂದ ತಿಳಿಯಿತು.

ನೀವೂ ಒಂದು ವಾರ ಪ್ರಯತ್ನಿಸಿ ನೋಡಿ. ಬೆಳಿಗ್ಗೆ, ಕೆಲಸದಿಂದ ಮರಳಿ ಸ್ವಲ್ಪ ಹೊತ್ತು ಕುಳಿತ ಮೇಲೆ, ಮಲಗುವ ಮುನ್ನ ಹೀಗೆ ದಿನಕ್ಕೆ ಮೂರು ಸಲ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ 60ರಿಂದ 100 ಸಾಮಾನ್ಯ. ಪದೇ ಪದೇ ಅದನ್ನು ಮೀರಿದರೆ ವೈದ್ಯರಿಗೆ ತೋರಿಸಿ. ಪಕ್ಕದಲ್ಲೇ ಆ ದಿನ ಏನು ನಡೆಯಿತೆಂದು ಒಂದು ಸಾಲು ಬರೆದಿಡಿ. ವಾರದ ಕೊನೆಗೆ ಆ ಹಾಳೆಯನ್ನು ಮನೆಯವರ ಮುಂದಿಟ್ಟು ಮಾತಾಡಿ. ಸಂಜೆಯ ಯಾವ ಕೆಲಸವನ್ನು ಪತಿ ವಹಿಸಿಕೊಳ್ಳಬಹುದು, ಯಾವುದನ್ನು ಮಗ ಮಾಡಬಹುದು ಎಂಬುದು ಅಂದೇ ತೀರ್ಮಾನವಾಗಲಿ. ಮಗಳೊಬ್ಬಳಿಗೇ ಎಲ್ಲವನ್ನೂ ಹೊರಿಸಬೇಡಿ.