ಕಾರಾ ಸಮುದ್ರದ ಮಂಜುಗಡ್ಡೆ, ಐಹೊಳೆಯ ಉತ್ತರೆ ಮಳೆ

ಐಹೊಳೆ, ಹುನಗುಂದ ಸುತ್ತಲಿನ ಎರೆಹೊಲಗಳ ರೈತರಿಗೆ ಸೆಪ್ಟೆಂಬರ್ ಅಂದರೆ ಹುಬ್ಬೆ, ಉತ್ತರೆ, ಹಸ್ತ ಮಳೆಗಳ ಕಾಲ. ಅವು ಹದವಾಗಿ ಬಿದ್ದರೆ ಹಿಂಗಾರಿಯ ಬಿಳಿಜೋಳಕ್ಕೂ ಕಡಲೆಗೂ ಚಳಿಗಾಲದಲ್ಲಿ ನೆಲದೊಳಗಿನ ತೇವವೇ ಆಸರೆ. ಒಮ್ಮೆಲೇ ಸುರಿದರೆ ಮೇಲ್ಮಣ್ಣು ಮಲಪ್ರಭೆಯ ಪಾಲು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಆದ ಮಳೆ-ನೆರೆಯ ಅನಾಹುತವನ್ನು ಈ ಭಾಗದವರು ಮರೆತಿಲ್ಲ.

ಮುಂಗಾರಿನ ಕೊನೆಯ ಇಂಥ ಅಬ್ಬರಕ್ಕೂ ಉತ್ತರ ಧ್ರುವದ ಕಡಲಿಗೂ ನಂಟಿರಬಹುದು ಎಂದು 2021ರಲ್ಲಿ ಒಂದು ಅಧ್ಯಯನ ತೋರಿಸಿತು. ಅದನ್ನು ನಡೆಸಿದವರಲ್ಲಿ ನಮ್ಮ ನೆರೆಯ ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿದ್ದರು. ರಷ್ಯಾದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಿಗೆಯ ಮಂಜುಗಡ್ಡೆ ತೀರ ಕಡಿಮೆಯಾದ ವರ್ಷಗಳಲ್ಲಿ, ಪಶ್ಚಿಮ ಮತ್ತು ಮಧ್ಯ ಭಾರತದಲ್ಲಿ ಸೆಪ್ಟೆಂಬರ್‌ನ ಅತಿವೃಷ್ಟಿ ಹೆಚ್ಚುವ ಒಲವು ಅವರಿಗೆ ಕಂಡಿತು.

ಹಿಮ ಮುಚ್ಚಿದ ಮಂಜುಗಡ್ಡೆ ಬಿಸಿಲಿನ ಶೇ 80ಕ್ಕಿಂತ ಹೆಚ್ಚು ಪಾಲನ್ನು ಆಕಾಶಕ್ಕೆ ಮರಳಿಸುತ್ತದೆ. ಅದು ಕರಗಿ ಬಯಲಾದ ಕಪ್ಪು ನೀರು ಬಿಸಿಲಿನ ಬಹುಪಾಲನ್ನು ಹೀರಿಕೊಂಡು ಕಾಯುತ್ತದೆ. ಕಾದ ನೀರು ಉಳಿದ ಮಂಜುಗಡ್ಡೆಯನ್ನೂ ಕರಗಿಸುತ್ತದೆ. ಆ ಶಾಖ ಮೇಲಿನ ಗಾಳಿಗೆ ಸೇರಿದಾಗ ಯುರೋಪಿನ ಎತ್ತರದ ವಾಯುಪ್ರವಾಹದಲ್ಲಿ ಏರುಪೇರಾಗುತ್ತದೆ. ಕೊಳದಲ್ಲಿ ಎದ್ದ ಅಲೆ ದಡಕ್ಕೆ ಸಾಗುವಂತೆ ಆ ಏರುಪೇರು ಏಷ್ಯಾದ ಮೇಲೆ ಹಾದು ಬಂದು, ನಮ್ಮ ಮೋಡಗಳು ಎತ್ತರಕ್ಕೇಳಲು ಅನುವು ಮಾಡಿಕೊಡುತ್ತದೆ. ಅದೇ ಹೊತ್ತಿಗೆ ಅರಬ್ಬೀ ಸಮುದ್ರ ಬೆಚ್ಚಗಿದ್ದರೆ ಆವಿಗೇನು ಕೊರತೆ!

ಹಾಗೆಂದು 2009ರ ನೆರೆಯನ್ನು ಧ್ರುವದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಅಂದಿನ ಮಳೆಗೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಕಾರಣವಾಗಿತ್ತು. 2019ರ ಆಗಸ್ಟ್‌ನಲ್ಲಿ ಐಹೊಳೆ, ಪಟ್ಟದಕಲ್ಲಿನ ಗುಡಿಗಳಿಗೆ ಹೊಳೆ ನುಗ್ಗಿದ್ದು ಮೇಲ್ಭಾಗದ ಭಾರಿ ಮಳೆ ಮತ್ತು ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರಿನಿಂದ. ಒಂದು ನೆರೆಗೆ ಹಲವು ಕಾರಣಗಳಿರುತ್ತವೆ; ಧ್ರುವದ ಮಂಜುಗಡ್ಡೆ ಅವುಗಳ ಸಾಲಿಗೆ ಹೊಸದಾಗಿ ಸೇರುತ್ತಿದೆ.

ಉಪಗ್ರಹಗಳ ನಿರಂತರ ಲೆಕ್ಕ ಶುರುವಾದ 1979ರಿಂದ ಆರ್ಕ್‌ಟಿಕ್‌ನ ಸೆಪ್ಟೆಂಬರ್ ಮಂಜುಗಡ್ಡೆ ದಶಕಕ್ಕೆ ಸುಮಾರು ಶೇ 12ರಂತೆ ಕುಗ್ಗಿದೆ. 2012ರಲ್ಲಿ ಅದು ಸುಮಾರು 34 ಲಕ್ಷ ಚದರ ಕಿ.ಮೀ.ಗೆ ಇಳಿಯಿತು. ಬಹುಕಾಲ ಗಟ್ಟಿಯಾಗಿದ್ದ ಅಂಟಾರ್ಕ್‌ಟಿಕದ ಕಡಲ ಮಂಜುಗಡ್ಡೆಯೂ 2023ರ ಫೆಬ್ರುವರಿಯಲ್ಲಿ 18 ಲಕ್ಷ ಚದರ ಕಿ.ಮೀ.ಗಿಂತ ಕೆಳಗಿಳಿಯಿತು. 2022ರಲ್ಲಿ ಅಲ್ಲಿನ ಬೆಲ್ಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಮರಿಗಳ ಗರಿ ಬಲಿಯುವ ಮೊದಲೇ ಕಾಲಡಿಯ ಮಂಜುಗಡ್ಡೆ ಒಡೆದು, ಎಂಪರರ್ ಪೆಂಗ್ವಿನ್‌ಗಳ ಹಲವು ನೆಲೆಗಳಲ್ಲಿ ಆ ವರ್ಷದ ಮರಿಗಳೇ ಉಳಿಯಲಿಲ್ಲ. ತೇಲುವ ಮಂಜುಗಡ್ಡೆ ಕರಗಿದರೆ ಕಡಲ ಮಟ್ಟ ಹೆಚ್ಚೇನೂ ಏರದು ಎಂಬುದು ನಿಜ. ಆದರೆ ಕೆಡುಕು ಕಡಲ ಮಟ್ಟಕ್ಕೇ ಮುಗಿಯುವುದಿಲ್ಲ.

ಕಾರಾ ಸಮುದ್ರ ಬೇಸಿಗೆಯಲ್ಲೇ ಸುಳಿವು ಕೊಡುವುದಾದರೆ ಸೆಪ್ಟೆಂಬರ್‌ನ ಮುನ್ಸೂಚನೆಯಲ್ಲಿ ಅದಕ್ಕೂ ಜಾಗ ಸಿಗಬೇಕು. ಆ ಸೂಚನೆ ಮಲಪ್ರಭೆಯ ದಂಡೆಯ ಊರುಗಳಿಗೆ ಕನ್ನಡದಲ್ಲಿ, ಹೊತ್ತಿಗೆ ಮುಂಚೆ ತಲುಪಬೇಕು. ರೈತರು ಹೊಲದ ಒಡ್ಡುಗಳನ್ನು ಉತ್ತರೆ ಬರುವ ಮೊದಲೇ ಭದ್ರ ಮಾಡಿಕೊಳ್ಳಲಿ.