ಮರಿಕೋಳಿ ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ

ಕಳೆದ ಮಳೆಗಾಲದ ಒಂದು ಸಂಜೆ ತಾಯಿಯೊಬ್ಬರು ಹತ್ತು ವರ್ಷದ ಮಗನನ್ನು ಕೆಮ್ಮಿನ ಔಷಧಿಗೆಂದು ನನ್ನ ಕ್ಲಿನಿಕ್‌ಗೆ ಕರೆತಂದಿದ್ದರು. ಹುಡುಗನ ಕೈಯಲ್ಲೊಂದು ಬಟ್ಟೆಯ ಚೀಲವಿತ್ತು. ಅವನ ಪರೀಕ್ಷೆ ಮುಗಿಯುತ್ತಲೇ ಚೀಲದಿಂದ ಮೂರು ವಾರದ ಗಿರಿರಾಜ ಮರಿಯೊಂದನ್ನು ಹೊರತೆಗೆದು, "ಡಾಕ್ಟ್ರೇ, ಇದಕ್ಕೂ ಸ್ವಲ್ಪ ಜೋಶಾಂದ ಕೊಡಿ" ಎಂದ. ಮರಿ ಕುತ್ತಿಗೆ ಚಾಚಿ, ಕೊಕ್ಕು ತೆರೆದು ಉಸಿರೆಳೆಯುತ್ತಿತ್ತು. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ತಂದ ಎಂಟು ಮರಿಗಳಲ್ಲಿ ಐದು ಆಗಲೇ ಸತ್ತಿದ್ದವಂತೆ. ಇದು ಸಾಯುವ ಮೊದಲು ಝಬಹ್ ಮಾಡಿ ಸಾರು ಮಾಡಿಬಿಡೋಣ ಎಂದು ಮನೆಯಲ್ಲಿ ಅಜ್ಜಿ ಹೇಳಿದ್ದರು. ಹುಡುಗ ಅದನ್ನು ಚೀಲದಲ್ಲಿ ಅಡಗಿಸಿ ತಂದದ್ದು ಅದಕ್ಕೇ.

ನಾನು ಮನುಷ್ಯರ ವೈದ್ಯ. ಕೋಳಿಗೆ ಔಷಧಿ ಬರೆಯುವ ಅರ್ಹತೆ ಪಶುವೈದ್ಯರದ್ದು. ಆದರೆ ಮರಿಯನ್ನು ಅವರ ಬಳಿಗೆ ಒಯ್ಯುವ ತನಕ ಏನು ಮಾಡಬೇಕು, ಏನು ಮಾಡಲೇಬಾರದು ಎಂಬುದು ಹಿತ್ತಲಲ್ಲಿ ನಾಲ್ಕು ಕೋಳಿ ಸಾಕುವ ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದ ವಿಷಯ.

ಮೊದಲಿಗೆ ಜೋಶಾಂದದ ಮಾತು. ದಯವಿಟ್ಟು ಕೊಡಬೇಡಿ. ಕೋಳಿಯ ಬಾಯಿ ತೆರೆದು ನೋಡಿದರೆ ನಾಲಿಗೆಯ ಬುಡದಲ್ಲೇ ಒಂದು ಸೀಳು ಕಾಣುತ್ತದೆ. ಅದು ಶ್ವಾಸನಾಳದ ಬಾಯಿ. ಚಮಚದಿಂದಲೋ ಡ್ರಾಪರ್‌ನಿಂದಲೋ ನೀವು ಸುರಿದ ಕಷಾಯ, ಬೆಳ್ಳುಳ್ಳಿ ರಸ, ಅರಿಶಿನದ ನೀರು ನೇರ ಅಲ್ಲಿಗೆ ಇಳಿಯುತ್ತದೆ. ಮೊದಲೇ ಉಸಿರು ಸಿಗದೆ ಒದ್ದಾಡುವ ಮರಿ ಆಗ ಮುಳುಗಿ ಸಾಯುತ್ತದೆ. ನೀರು ಕುಡಿಸಬೇಕಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಕೊಕ್ಕಿನ ತುದಿಯನ್ನಷ್ಟೇ ಅದ್ದಿ. ನುಂಗುವ ಕೆಲಸ ಅದಕ್ಕೇ ಬಿಡಿ.

ಇನ್ನೊಂದು ತಪ್ಪು ಮಕ್ಕಳದ್ದು, ಪ್ರೀತಿಯಿಂದಲೇ ಆಗುವಂಥದ್ದು. ನಮಗಿರುವಂತೆ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಕೋಳಿಗೆ ಇಲ್ಲ. ಎದೆಗೂಡು ಮುಂದೆ ಹಿಂದೆ ಚಲಿಸಿದರೆ ಮಾತ್ರ ಗಾಳಿ ಒಳಗೆ ಬರುತ್ತದೆ. ಮರಿಯನ್ನು ಎದೆ ಸುತ್ತ ಬಿಗಿಯಾಗಿ ಹಿಡಿದು ಮುದ್ದಾಡಿದರೆ ಉಸಿರೇ ನಿಲ್ಲುತ್ತದೆ. ಕೆಳಗಿನಿಂದ ಅಂಗೈ ಕೊಟ್ಟು ಎತ್ತುವುದನ್ನು ಮಕ್ಕಳಿಗೆ ಕಲಿಸಿ.

ಬಾಯಿ ತೆರೆದ ಮಾತ್ರಕ್ಕೆ ಕಾಯಿಲೆಯೆಂದು ಗಾಬರಿಯಾಗಬೇಡಿ. ಏಪ್ರಿಲ್‌ನ ಮಧ್ಯಾಹ್ನ ಕೋಳಿ ಬಾಯಿ ಬಿಟ್ಟು ಏದುಸಿರು ಬಿಡುವುದು ಮೈ ತಂಪು ಮಾಡಿಕೊಳ್ಳಲಿಕ್ಕೆ. ತಂಪಾದ ಬೆಳಗಿನಲ್ಲೂ ಹಾಗೆ ಮಾಡಿದರೆ, ಗೊರಗೊರ ಸದ್ದು ಬಂದರೆ, ಮೂಗಿನಲ್ಲಿ ನೀರು, ಕಣ್ಣಿನಲ್ಲಿ ನೊರೆ ಕಂಡರೆ ಅದು ರೋಗ.

ಆಗ ಮಾಡಬೇಕಾದ ಮೊದಲ ಕೆಲಸ ಬೇರ್ಪಡಿಸುವುದು. ರೋಗದ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿ ತರಬಾರದೆಂದು ಪ್ರವಾದಿಯವರು(ಸ) ಆದೇಶಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ರಟ್ಟಿನ ಪೆಟ್ಟಿಗೆಗೆ ಗಾಳಿಯಾಡುವ ತೂತು ಮಾಡಿ, ಒಣ ಬಟ್ಟೆ ಹಾಸಿ ಮರಿಯನ್ನು ಅದರಲ್ಲಿಡಿ. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಬಹುದು. ಪೆಟ್ಟಿಗೆಯ ಒಂದು ಬದಿಗೆ ಹಳೆಯ ಕಾಲದ 40 ವ್ಯಾಟ್ ಬಲ್ಬ್ ಸಾಕು. ಎಲ್‌ಇಡಿ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಬಿಸಿ ಹೆಚ್ಚಾದರೆ ಮರಿ ದೂರ ಸರಿಯಲು ಇನ್ನೊಂದು ಬದಿ ಖಾಲಿ ಇರಲಿ. ಮೂಗಿನ ತೂತು ಕಟ್ಟಿದ್ದರೆ ಬೆಚ್ಚಗಿನ ನೀರಿನ ಹತ್ತಿಯಿಂದ ಒರೆಸಿ. ಆಹಾರ ನೀರು ಹಾಕುವಾಗ ಚೆನ್ನಾಗಿರುವ ಕೋಳಿಗಳದ್ದು ಮೊದಲು, ಇದರದ್ದು ಕೊನೆಗೆ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ವುಝೂ ಮಾಡುತ್ತೇವಲ್ಲ, ಅಷ್ಟು ಸಾಕು ಎನ್ನುವವರಿದ್ದಾರೆ. ವುಝೂಗೆ ಮೊದಲು ಸೋಪು ಬೇಕು.

ಪೆಟ್ಟಿಗೆಯನ್ನು ಅಡುಗೆಮನೆಯಲ್ಲಿಡಬೇಡಿ. ಒಲೆಯ ಹೊಗೆ ಮಾತ್ರವಲ್ಲ, ಖಾಲಿಯಾಗಿ ಅತಿಯಾಗಿ ಕಾದ ನಾನ್‌ಸ್ಟಿಕ್ ತವಾದ ಆವಿಯೂ ಹಕ್ಕಿಗಳಿಗೆ ಮಾರಕ. ಲೋಬಾನದ ಹೊಗೆ, ಸೊಳ್ಳೆ ಬತ್ತಿ, ಎದೆಗೆ ಹಚ್ಚುವ ಕರ್ಪೂರದ ಮುಲಾಮು, ಇವೆಲ್ಲ ನಮಗೆ ಹಿತವೆನಿಸಬಹುದು, ಅದಕ್ಕಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ಹುಡುಗನ ಮನೆಯಲ್ಲಿ ಮರಿಗಳ ಗೂಡು ಮೆಟ್ಟಿಲ ಕೆಳಗಿತ್ತು. ಮಳೆ ನೀರು ಎರಚಬಾರದೆಂದು ಸುತ್ತಲೂ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು. ನೆಲಕ್ಕೆ ಹಾಸಿದ್ದು ಮರದ ಮಿಲ್ಲಿನಿಂದ ತಂದ ಹುಡಿ, ತರುವಾಗಲೇ ಒದ್ದೆ. ಹತ್ತು ದಿನದಲ್ಲಿ ಅದು ಬೂಷ್ಟು ಹಿಡಿದಿತ್ತು. ಬೂಷ್ಟಿನ ಕಣಗಳು ಉಸಿರಿನೊಂದಿಗೆ ಮರಿಯ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಬೆಳೆಯುತ್ತವೆ. ಹೀಗೆ ಬೆಳೆದದ್ದನ್ನು ತೆಗೆಯುವ ಔಷಧಿ ಮನೆಕೋಳಿಯ ಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಹಿಕ್ಕೆ ಒದ್ದೆಯಾದಾಗ ಏಳುವ ಅಮೋನಿಯಾ ಇನ್ನೊಂದು ಶತ್ರು. ಅದು ಶ್ವಾಸನಾಳದ ಒಳಗಿನ ಸೂಕ್ಷ್ಮ ರೋಮಗಳನ್ನು ಹಾಳುಗೆಡವುತ್ತದೆ. ಆಮೇಲೆ ಬರುವ ರೋಗಾಣುವಿಗೆ ಬಾಗಿಲು ತೆರೆದಂತೆ. ನಾವು ನಿಂತು ಮೂಸಿದರೆ ತಿಳಿಯುವುದಿಲ್ಲ. ಕುಕ್ಕರಗಾಲಲ್ಲಿ ಕೂತು ಮರಿಯ ತಲೆಯ ಎತ್ತರಕ್ಕೆ ಮುಖ ತಂದು ಮೂಸಿ. ಕಣ್ಣು ಉರಿದರೆ ಮರಿ ಹಗಲೂ ರಾತ್ರಿ ಆ ಗಾಳಿಯನ್ನೇ ಸೇವಿಸುತ್ತಿದೆ ಎಂದರ್ಥ.

ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಭತ್ತದ ಹೊಟ್ಟು ನಾಲ್ಕು ಬೆರಳು ದಪ್ಪ ಹಾಸಿ, ದಿನವೂ ಕೆದಕಿ, ಒದ್ದೆಯಾದ ಭಾಗವನ್ನು ಅಂದೇ ತೆಗೆಯಿರಿ. ಒದ್ದೆ ಹಾಸಿನ ಮೇಲೆ ಸುಣ್ಣ ಎರಚುವ ಅಭ್ಯಾಸ ಹಲವರಿಗಿದೆ. ಅದರಿಂದ ಅಮೋನಿಯಾ ಇನ್ನಷ್ಟು ಏಳುತ್ತದೆ. ಹಳೆಯದನ್ನೆಲ್ಲ ಗುಡಿಸಿ ತೆಗೆದು ನೆಲಕ್ಕೆ ಸುಣ್ಣ ಬಳಿದು ಒಣಗಿಸಿ, ಆಮೇಲೆ ಹೊಸ ಹೊಟ್ಟು ಹಾಸಿ. ಪ್ಲಾಸ್ಟಿಕ್ ಹಾಳೆ ಕೆಳಭಾಗಕ್ಕಷ್ಟೇ ಇರಲಿ, ಮೇಲೆ ಗಾಳಿ ಓಡಾಡಲಿ. ಗುಡಿಸುವವರು ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಬೇಕು. ಕೆಮ್ಮು, ಉಬ್ಬಸ ಇರುವ ಮಕ್ಕಳಿಗೆ ಈ ಕೆಲಸ ಬೇಡವೇ ಬೇಡ. ನಮ್ಮ ಹುಡುಗ ದಿನಾ ಶಾಲೆಯಿಂದ ಬಂದು ಆ ಹುಡಿಯನ್ನು ಕೈಯಿಂದಲೇ ಕೆದಕುತ್ತಿದ್ದ.

ಎಲ್ಲ ಉಸಿರಾಟದ ತೊಂದರೆಯೂ ಗೂಡಿನಿಂದಲೇ ಬರುವುದಿಲ್ಲ. ಮುಖ ಊದಿ ಮೂಗಿನಿಂದ ದುರ್ವಾಸನೆಯ ಸೋರಿಕೆ, ಬಾಯೊಳಗೆ ಹಳದಿ ಪೊರೆ, ಎರೆಹುಳು ತಿಂದ ಮರಿಗಳ ಶ್ವಾಸನಾಳದಲ್ಲಿ ಸೇರಿಕೊಳ್ಳುವ ಕೆಂಪು ಹುಳು, ಹೀಗೆ ಕಾರಣ ಹಲವು. ಹಸಿರು ಭೇದಿ, ತಿರುಚಿದ ಕತ್ತು ಜೊತೆಗಿದ್ದರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಇರಬಹುದು. ಅದಕ್ಕೆ ಔಷಧಿಯಿಲ್ಲ, ಲಸಿಕೆ ಇದೆ. ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, ನಾಲ್ಕನೇ ವಾರ ಮತ್ತೊಮ್ಮೆ, ಆರರಿಂದ ಎಂಟು ವಾರದೊಳಗೆ ಚುಚ್ಚುಮದ್ದು. ಒಂದು ಬಾಟಲಿಯಲ್ಲಿ ನೂರಕ್ಕೂ ಹೆಚ್ಚು ಕೋಳಿಗಾಗುವಷ್ಟು ಲಸಿಕೆ ಬರುವುದರಿಂದ ನೆರೆಹೊರೆಯವರು ಸೇರಿ ಒಂದೇ ದಿನ ಹಾಕಿಸುವುದು ಲೇಸು. ಒಂದೆರಡು ದಿನದಲ್ಲಿ ಹಲವು ಕೋಳಿಗಳು ಒಟ್ಟಿಗೆ ಸತ್ತರೆ ಮುಟ್ಟದೆ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಕರೆ ಮಾಡಿ. 2012ರಲ್ಲಿ ಹೆಸರಘಟ್ಟದಲ್ಲಿ ಹಕ್ಕಿಜ್ವರ ಬಂದದ್ದು ನಿಮಗೆ ನೆನಪಿರಬಹುದು.

ಕಾರಣ ಇಷ್ಟು ಬಗೆಯದ್ದಾಗಿರುವಾಗ ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಮಾತ್ರೆ ಪುಡಿ ಮಾಡಿ ಹಾಕಿ ಏನು ಪ್ರಯೋಜನ? ಬೂಷ್ಟಿಗೂ ವೈರಸ್‌ಗೂ ಅದು ತಾಗುವುದಿಲ್ಲ. ಅದರ ಅಂಶ ಮಾಂಸದಲ್ಲಿ, ಮೊಟ್ಟೆಯಲ್ಲಿ ಉಳಿದು ನಿಮ್ಮ ತಟ್ಟೆಗೇ ಬರುತ್ತದೆ. ಇದೇ ಭಯದಿಂದ 2019ರಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕನ್ನು ಕೋಳಿ, ಜಾನುವಾರುಗಳಿಗೆ ಕೊಡುವುದನ್ನು ಕೇಂದ್ರ ಸರಕಾರ ನಿಷೇಧಿಸಿತು.

ಅಜ್ಜಿಯ ಮಾತಿಗೂ ಉತ್ತರ ಹೇಳಬೇಕಲ್ಲ. ಜೀವವಿರುವಾಗ ಝಬಹ್ ಮಾಡಿದರೆ ಹಲಾಲ್ ಆಗುತ್ತದೆಯೇ ಎಂಬುದು ಉಲಮಾಗಳಿಗೆ ಕೇಳಬೇಕಾದ ಪ್ರಶ್ನೆ. ಆದರೆ ಕುರ್‌ಆನ್ ಅಲ್ ಬಖರ ಅಧ್ಯಾಯದ 168ನೇ ವಚನದಲ್ಲಿ ಹಲಾಲ್ ಜೊತೆಗೆ ತಯ್ಯಿಬ್ ಎಂದೂ ಹೇಳಿದೆ. ರೋಗದಿಂದ ಸಾಯುತ್ತಿರುವ ಕೋಳಿ ತಯ್ಯಿಬ್ ಅಲ್ಲ ಎಂದು ವೈದ್ಯನಾಗಿ ನಾನು ಧೈರ್ಯದಿಂದ ಹೇಳಬಲ್ಲೆ. ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯುತ್ತದೆ, ನಿಜ. ಆದರೆ ಅದನ್ನು ಕೊಯ್ದು, ಪುಕ್ಕ ಕಿತ್ತು, ಕರುಳು ತೆಗೆಯುವವರು ಮನೆಯ ಹೆಂಗಸರು. ಅಪಾಯವಿರುವುದು ಅವರ ಕೈಗೆ, ಕಣ್ಣಿಗೆ. ರಾಣಿಖೇತ್ ರೋಗಾಣು ತಾಗಿ ಮನುಷ್ಯರಿಗೂ ಕಣ್ಣು ಕೆಂಪಾಗಿ ಊದುವುದುಂಟು. ಸತ್ತ ಮರಿಯನ್ನು ತೋಡಿಗೋ ಕಸಕ್ಕೋ ಎಸೆಯದೆ ಬಾವಿಯಿಂದ ದೂರ, ನಾಯಿ ಕೆದಕಲಾಗದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಆ ಮರಿ ಮೂರನೇ ದಿನ ಸತ್ತಿತು. ಪಶು ಆಸ್ಪತ್ರೆಯಲ್ಲಿ ಎದೆ ತೆರೆದು ನೋಡಿದಾಗ ಶ್ವಾಸಕೋಶದ ತುಂಬ ಸಾಸಿವೆ ಗಾತ್ರದ ಹಳದಿ ಗಂಟುಗಳಿದ್ದವಂತೆ. ಫೋನಿನಲ್ಲಿ ಹುಡುಗ ಅಳುತ್ತಿದ್ದ. ಬೆಚ್ಚಗಿಟ್ಟದ್ದರಿಂದ ಅದು ಕೊನೆಯ ಎರಡು ದಿನ ಒದ್ದಾಡಲಿಲ್ಲ ಎಂದು ಅವನ ತಾಯಿ ಹೇಳಿದರು. ಉಳಿದ ಎರಡು ಮರಿಗಳನ್ನು ಅವರು ಅಂದೇ ಜಗಲಿಗೆ ಸಾಗಿಸಿ, ಮೆಟ್ಟಿಲ ಕೆಳಗಿನ ಹುಡಿಯನ್ನೆಲ್ಲ ಹೊರಹಾಕಿದ್ದರು. ಹಾಸಲು ಭತ್ತದ ಹೊಟ್ಟು ಎಲ್ಲಿ ಸಿಗುತ್ತದೆ ಎಂದು ಈ ಸಲ ಕೇಳಿದ್ದು ಅಜ್ಜಿ.