ತಟ್ಟೆ ಬರಿದಾದರೆ ಉಬ್ಬಸಕ್ಕೆ ಬಲ

ಮಾಗಡಿ ರಸ್ತೆಯ ವಾಹನಗಳ ಹೊಗೆ, ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶದ ಧೂಳು. ಸುಂಕದಕಟ್ಟೆಯ ಮಕ್ಕಳು ಉಸಿರಾಡುವುದು ಇದರ ನಡುವೆಯೇ. ಹೀಗಾಗಿ ಮಗುವಿಗೆ ದಮ್ಮು ಬಂದರೆ ನಾವು ಗಾಳಿಯನ್ನು ದೂರುತ್ತೇವೆ. ಅದು ಸರಿಯೇ. ಆದರೆ ಗಾಳಿಯೊಂದೇ ಕಾರಣವಲ್ಲ.

ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 18 ವರ್ಷದೊಳಗಿನವರ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿದ್ದ ಅಸ್ತಮಾ 1999ರ ಹೊತ್ತಿಗೆ 29.5ಕ್ಕೆ ಏರಿತ್ತು. ಅವರು ಶಾಲೆಗಳಲ್ಲೂ ಪರೀಕ್ಷೆ ನಡೆಸಿದರು. ವಾಹನ ದಟ್ಟಣೆಯ ಕಡೆಯ ಶಾಲೆಗಳಲ್ಲಿ ಶೇ. 19ರಷ್ಟು ಮಕ್ಕಳಿಗೆ ಅಸ್ತಮಾ ಇದ್ದರೆ, ಅಷ್ಟೇ ದಟ್ಟಣೆಯಿರುವ ಬಡವರ ಬಡಾವಣೆಗಳ ಶಾಲೆಗಳಲ್ಲಿ ಅದು ಶೇ. 31 ಆಗಿತ್ತು. ರಸ್ತೆಯ ಹೊಗೆ ಒಂದೇ ಆಗಿದ್ದರೂ ಬಡ ಮಕ್ಕಳಿಗೇಕೆ ಹೆಚ್ಚು?

ಇಕ್ಕಟ್ಟಾದ ಮನೆ, ಒಳಗಿನ ಹೊಗೆ, ತೇವದ ಗೋಡೆ ಇವೆಲ್ಲ ಕಾರಣಗಳೇ. ಅವುಗಳ ಜೊತೆ ಊಟದ ಕೊರತೆಯೂ ಸೇರುತ್ತದೆ. ಗರ್ಭಿಣಿಗೆ ಸಾಕಷ್ಟು ಆಹಾರ ಸಿಗದಿದ್ದರೆ ಮಗು ಕಡಿಮೆ ತೂಕದಲ್ಲಿ ಹುಟ್ಟುತ್ತದೆ. ಅದರ ಶ್ವಾಸಕೋಶವೂ ಪೂರ್ತಿ ಬೆಳೆದಿರುವುದಿಲ್ಲ. ಮುಂದೆ ಪೌಷ್ಟಿಕತೆ ಇಲ್ಲದ ಮಗುವಿಗೆ ನೆಗಡಿ, ಕಫ ಪದೇ ಪದೇ ಬರುತ್ತದೆ. ಮಕ್ಕಳಲ್ಲಿ ಉಬ್ಬಸ ಕೆರಳಿಸುವುದರಲ್ಲಿ ಮೊದಲ ಸ್ಥಾನ ಈ ನೆಗಡಿಯದೇ. ಪಡಿತರದ ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ, ಆದರೆ ಬೇಳೆ, ಮೊಟ್ಟೆ, ಸೊಪ್ಪು ಇಲ್ಲದ ತಟ್ಟೆಯಿಂದ ರೋಗ ತಡೆಯುವ ಶಕ್ತಿ ಬರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಇನ್ನೊಂದು ಪೆಟ್ಟು ತಿಂಗಳ ಕೊನೆಯಲ್ಲಿ ಬೀಳುತ್ತದೆ. ಬಾಡಿಗೆ, ದಿನಸಿ ಕಳೆದು ಕೈ ಖಾಲಿಯಾದಾಗ ಮೊದಲು ನಿಲ್ಲುವುದು ದಿನವೂ ತೆಗೆದುಕೊಳ್ಳಬೇಕಾದ ಇನ್ಹೇಲರ್. ಮಗು ಆಡಿಕೊಂಡಿದೆಯಲ್ಲ ಎಂಬ ಸಮಾಧಾನ ಬೇರೆ. ಆದರೆ ಶ್ವಾಸನಾಳದ ಒಳಗಿನ ಊತ ಇಳಿಸುವುದು ಆ ಔಷಧಿಯೇ. ಅದನ್ನು ಬಿಟ್ಟರೆ ಊತ ಮರಳಿ ಒಂದು ರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ಒಂದು ದಿನದ ಕೂಲಿಯೂ ಹೋಗುತ್ತದೆ, ಮರುದಿನದ ಊಟಕ್ಕೂ ಕೊರತೆ.

ಇದರ ಮೇಲೆ ‘ಶೀತ’ ಎಂದು ಬಾಳೆಹಣ್ಣು, ಮೊಸರು, ಹಾಲು, ಮೊಟ್ಟೆ ಬಿಡಿಸುವವರಿದ್ದಾರೆ. ಆಹಾರದಿಂದ ಉಬ್ಬಸ ಕೆರಳುವುದು ಕೆಲವೇ ಮಕ್ಕಳಲ್ಲಿ. ವೈದ್ಯರು ಅಲರ್ಜಿ ಎಂದು ಹೇಳದ ಹೊರತು ಯಾವುದನ್ನೂ ನಿಲ್ಲಿಸಬೇಡಿ. ಅಂಗನವಾಡಿಯ ಆಹಾರ, ಸರ್ಕಾರಿ ಶಾಲೆಯ ಹಾಲು, ಮೊಟ್ಟೆಯನ್ನು ಮಗು ತಪ್ಪದೆ ತಿನ್ನಲಿ. ಚಿಪ್ಸ್ ಪೊಟ್ಟಣದ ದುಡ್ಡಿಗೆ ಹಿಡಿ ಕಡಲೆಕಾಯಿ ಬರುತ್ತದೆ. ರಾಗಿ, ನುಗ್ಗೆ ಸೊಪ್ಪು, ಹುರುಳಿ ದುಬಾರಿಯಲ್ಲ.

ಮನೆಯೊಳಗೆ ಬೀಡಿ, ಸೌದೆ, ಲೋಬಾನದ ಹೊಗೆ ಬೇಡ. ಒಂದು ಸೊಳ್ಳೆ ಬತ್ತಿ ಸುರುಳಿ ಹೊರಬಿಡುವ ಸೂಕ್ಷ್ಮ ಕಣಗಳು 75ಕ್ಕಿಂತ ಹೆಚ್ಚು ಸಿಗರೇಟುಗಳಿಗೆ ಸಮ ಎಂದು ಅಧ್ಯಯನವೊಂದು ತೋರಿಸಿದೆ. ಸೊಳ್ಳೆ ಪರದೆಯೇ ಮೇಲು.

ಇನ್ಹೇಲರ್ ಚಟವಾಗುವುದಿಲ್ಲ. ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಯದನ್ನು ಕೇಳಿ. ಸ್ಪೇಸರ್ ಕೊಳ್ಳಲಾಗದಿದ್ದರೆ ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್ಹೇಲರ್‌ನ ಬಾಯಿ ಹಿಡಿಯುವಷ್ಟು ತೂತು ಮಾಡಿದರೂ ಕೆಲಸ ನಡೆಯುತ್ತದೆ. ವಿಧಾನವನ್ನು ವೈದ್ಯರಿಂದ ಕಲಿಯಿರಿ. ಮಗುವಿಗೆ ಮಾತು ತುಂಡಾದರೆ, ಪಕ್ಕೆಲುಬು ಒಳಗೆ ಸೆಳೆದರೆ, ತುಟಿ ನೀಲಿಯಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ರಮಝಾನ್‌ನಲ್ಲಿ ಹಂಚುವ ದಿನಸಿ ಕಿಟ್‌ಗಳಲ್ಲಿ ಅಕ್ಕಿ, ಎಣ್ಣೆಯ ಜೊತೆ ಬೇಳೆ, ಕಡಲೆಕಾಯಿಯೂ ಇರಲಿ. ಉಳಿದ ಹನ್ನೊಂದು ತಿಂಗಳು ಉಬ್ಬಸದ ಮಗುವಿರುವ ಮನೆಯ ಇನ್ಹೇಲರ್ ಖರ್ಚನ್ನು ಮೊಹಲ್ಲಾದವರು ಸೇರಿ ಹೊತ್ತರೆ, ಆ ಮನೆಯ ತಟ್ಟೆಗೂ ಔಷಧಿಗೂ ಜಗಳ ತಪ್ಪುತ್ತದೆ.